ಇಳಿಯುವ ಬಾವಿ, ಸೇದುವ ಬಾವಿ

ಕನ್ನಡದಲ್ಲಿ ಅದರ ಹೆಸರು ನಾರುಹುಣ್ಣು. ಮರಾಠಿಯಲ್ಲಿ ಬರೀ ನಾರು. ತೆಲುಗಿನವರು ನಾರಿಕುರುಪು ಎಂದರು, ತಮಿಳರು ನರಂಬುಚಿಲಂದಿ ಎಂದರು, ಹಿಂದಿ ಸೀಮೆಯಲ್ಲಿ ಅದು ನಹರುವಾ. ಸಂಸ್ಕೃತದ ವೈದ್ಯಗ್ರಂಥ ‘ಭಾವಪ್ರಕಾಶ’ ಇದನ್ನು ಸ್ನಾಯುಕ ಎಂದು ಕರೆಯುತ್ತದೆ. ನಾರು, ನರ, ಸ್ನಾಯು: ಬೇರೆ ಬೇರೆ ಊರಿನ ಜನ ಒಂದೇ ನೋಟವನ್ನು ಕಂಡು ಹೆಚ್ಚುಕಡಿಮೆ ಒಂದೇ ಬಗೆಯ ಹೆಸರಿಟ್ಟಿದ್ದಾರೆ. ಕಾಲಿನ ಮೇಲೆ ಒಂದು ಬೊಬ್ಬೆ ಏಳುತ್ತದೆ, ಬೆಂಕಿ ತಗುಲಿದಂತೆ ಉರಿಯುತ್ತದೆ, ಒಡೆಯುತ್ತದೆ. ಒಡೆದ ಜಾಗದಿಂದ ಬಿಳಿಯ ದಾರದಂಥದ್ದೊಂದು ತಲೆ ಹಾಕುತ್ತದೆ. ಅದು ದಾರವಲ್ಲ, ನರವೂ ಅಲ್ಲ, ಜೀವಂತ ಹುಳು. ಉದ್ದ 60ರಿಂದ 100 ಸೆಂಟಿಮೀಟರ್.

ತುಳಸೀದಾಸರು ರಾಮಚರಿತಮಾನಸದ ಉತ್ತರಕಾಂಡದಲ್ಲಿ ಮನಸ್ಸಿನ ರೋಗಗಳನ್ನು ದೇಹದ ರೋಗಗಳಿಗೆ ಹೋಲಿಸುತ್ತಾ ಹೋಗುವಾಗ ದಂಭ, ಕಪಟ, ಮದಗಳ ಪಾಲಿಗೆ ಈ ನಹರುವಾ ಬರುತ್ತದೆ. ಹೋಲಿಕೆ ಕೇಳಿದವರಿಗೆ ವಿವರಣೆ ಬೇಕಿರಲಿಲ್ಲ. ಒಳಗೇ ತಿಂಗಳುಗಟ್ಟಲೆ ಅಡಗಿದ್ದು ಒಂದು ದಿನ ಹೊರಬೀಳುವ ಕಾಯಿಲೆ ಎಂದು ಊರಿನ ಮಕ್ಕಳಿಗೂ ಗೊತ್ತಿತ್ತು. ಇಂದು ಆ ಸಾಲಿಗೆ ಟಿಪ್ಪಣಿ ಬೇಕು. 1996ರ ನಂತರ ಈ ದೇಶದ ನೆಲದಲ್ಲಿ ಯಾರಿಗೂ ನಾರುಹುಣ್ಣು ಆಗಿಲ್ಲ.

ಸಿಡುಬಿನ ನಂತರ ಭಾರತ ಪೂರ್ತಿಯಾಗಿ ಕಳೆದುಕೊಂಡ ಎರಡನೆಯ ರೋಗ ಇದು. ಸಿಡುಬಿಗೆ ಲಸಿಕೆ ಇತ್ತು. ಇದಕ್ಕೆ ಲಸಿಕೆ ಇರಲಿಲ್ಲ, ಈಗಲೂ ಇಲ್ಲ. ಒಳಗಿರುವ ಹುಳುವನ್ನು ಕೊಲ್ಲುವ ಮಾತ್ರೆಯೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದು ಎಂಬ ಭರವಸೆಯೂ ಇಲ್ಲ. ವರ್ಷ ವರ್ಷವೂ ಅನುಭವಿಸಿದವರಿದ್ದರು. ಹೀಗಿರುವಾಗ ಅದು ಹೋದದ್ದು ಹೇಗೆ?

ಮೊದಲು ಬಂದದ್ದು ಹೇಗೆ ಎಂದು ನೋಡಬೇಕು. ಹುಣ್ಣಿನ ಉರಿ ತಾಳಲಾರದೆ ಮನುಷ್ಯ ಕಾಲನ್ನು ನೀರಿಗೆ ಇಳಿಬಿಡುತ್ತಾನೆ. ತಣ್ಣನೆಯ ನೀರು ತಾಗಿದೊಡನೆ ಹುಳು ಹಾಲಿನಂಥ ದ್ರವವನ್ನು ಉಗುಳುತ್ತದೆ. ಅದರಲ್ಲಿ ಲಕ್ಷಗಟ್ಟಲೆ ಮರಿಗಳು. ಅವು ನೀರಿನಲ್ಲಿ ಬದುಕುವುದು ಕೆಲವೇ ದಿನ. ಅಷ್ಟರೊಳಗೆ ಸೈಕ್ಲಾಪ್ಸ್ ಎಂಬ ಒಂಟಿಕಣ್ಣಿನ ನೀರುಚಿಗಟ ಅವನ್ನು ತಿನ್ನಬೇಕು. ಚಿಗಟ ಎಂದರೆ ಒಂದೆರಡು ಮಿಲಿಮೀಟರಿನ ಜೀವಿ, ಬಿಂದಿಗೆಯ ನೀರಿನಲ್ಲಿ ಬಿಳಿಯ ಚುಕ್ಕೆಯಂತೆ ಆಡುತ್ತಿರುತ್ತದೆ. ಅದರ ಹೊಟ್ಟೆಯಲ್ಲಿ ಸುಮಾರು ಎರಡು ವಾರ ಬೆಳೆದ ಮರಿ ಮನುಷ್ಯನಿಗೆ ಅಂಟಲು ಸಿದ್ಧವಾಗುತ್ತದೆ. ಆ ನೀರನ್ನು ಸೋಸದೆ ಕುಡಿದರೆ ಚಿಗಟ ಹೊಟ್ಟೆಯಲ್ಲಿ ಕರಗುತ್ತದೆ, ಮರಿ ಕರುಳಿನ ಗೋಡೆ ದಾಟಿ ದೇಹದೊಳಗೆ ಸೇರುತ್ತದೆ. ಅಲ್ಲಿಂದ ಸುಮಾರು ಒಂದು ವರ್ಷ ಯಾವ ಸುಳಿವೂ ಇಲ್ಲ.

ಈ ಒಂದು ವರ್ಷದ ಮೌನವೇ ರೋಗದ ದೊಡ್ಡ ಬಲ. ಕಳೆದ ಬೇಸಿಗೆಯಲ್ಲಿ, ಬಾವಿಯ ನೀರು ತಳ ಕಂಡು ಚಿಗಟಗಳು ದಟ್ಟವಾಗಿದ್ದಾಗ ಕುಡಿದ ಒಂದು ಬೊಗಸೆ ನೀರು ಈ ಬೇಸಿಗೆಯ ಕೊನೆಗೆ ಹುಣ್ಣಾಗಿ ಕಾಣಿಸಿಕೊಳ್ಳುತ್ತದೆ. ಅಷ್ಟು ಹಿಂದಿನ ನೀರಿಗೂ ಇಂದಿನ ಕಾಲಿಗೂ ಯಾರು ಗಂಟು ಹಾಕಿಯಾರು? ಪಿತ್ತ ಎಂದರು, ಕೆಟ್ಟ ರಕ್ತ ಎಂದರು, ದೇವರ ಮುನಿಸು ಎಂದರು. ಇನ್ನೊಂದು ಕಡೆಯಿಂದಲೂ ಆ ಲೆಕ್ಕ ಕ್ರೂರವಾಗಿತ್ತು. ಮುಂಗಾರಿನ ಹೊಸ್ತಿಲಲ್ಲಿ, ಬಿತ್ತನೆಗೆ ನೆಲ ಹದವಾಗುವ ಹೊತ್ತಿಗೇ ರೈತ ಕಾಲು ಚಾಚಿ ಮಲಗುತ್ತಿದ್ದ. ಹುಳುವಿನ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲ ಎಳೆಯಬೇಕು. ಅವಸರ ಮಾಡಿದರೆ ತುಂಡಾಗುತ್ತದೆ, ಒಳಗುಳಿದ ತುಂಡು ಕೀವಾಗುತ್ತದೆ, ಕೀಲು ಮಡಚಿಕೊಳ್ಳುತ್ತದೆ. ವಾರಗಟ್ಟಲೆ ಹೀಗೆ. ಒಂದೇ ಮನೆಯಲ್ಲಿ ಮೂರು ನಾಲ್ಕು ಜನ ಮಲಗಿದರೆ ಆ ವರ್ಷದ ಬೆಳೆ ಹೋದಂತೆ. ಸಾಯಿಸುತ್ತಿದ್ದುದು ಅಪರೂಪ. ಸಾಯಿಸದ ಕಾರಣಕ್ಕೇ ಸರಕಾರಿ ಕಡತಗಳಲ್ಲಿ ಅದು ಹೆಚ್ಚು ಕಾಣಲಿಲ್ಲ ಎನ್ನಬೇಕು.

ನೀರುಚಿಗಟದ ಪಾತ್ರವನ್ನು ಕಂಡುಹಿಡಿದವನು ರಷ್ಯಾದ ಅಲೆಕ್ಸಿ ಫೆಡ್ಚೆಂಕೊ ಎಂಬ ತರುಣ. 1870ರ ಸುಮಾರಿಗೆ ಸಮರ್ಕಂದದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಚಿಗಟದೊಳಗಿನ ಮರಿಗಳನ್ನು ನೋಡಿದ. ಕೆಲವೇ ವರ್ಷಗಳಲ್ಲಿ, ಮೂವತ್ತೂ ತುಂಬುವ ಮೊದಲು, ಆಲ್ಪ್ಸ್ ಪರ್ವತದ ಹಿಮದಲ್ಲಿ ತೀರಿಕೊಂಡ. ಅವನು ಕಂಡದ್ದನ್ನು ಊರೊಂದರ ಮೇಲೆ ಪ್ರಯೋಗಿಸಿದ್ದು ಅರ್ಧ ಶತಮಾನದ ಮೇಲೆ, ಅಲ್ಲೇ ನೆರೆಯ ಬುಖಾರಾದಲ್ಲಿ. ಸೋವಿಯತ್ ವೈದ್ಯ ಲಿಯೊನಿದ್ ಇಸಾಯೆವ್ ಆ ನಗರದ ಕಲ್ಲುಕೊಳಗಳನ್ನು ಬತ್ತಿಸಿ, ಶುದ್ಧೀಕರಿಸಿ 1930ರ ದಶಕದ ಆರಂಭಕ್ಕೆ ರೋಗವನ್ನು ನಿಲ್ಲಿಸಿದ. ಬುಖಾರಾದ ಕೊಳಗಳೂ ನಮ್ಮ ಪುಷ್ಕರಣಿಗಳಂತೆಯೇ ಇದ್ದವು: ನಾಲ್ಕೂ ಕಡೆ ಮೆಟ್ಟಿಲು, ಇಳಿದು ನೀರು ತುಂಬಿಕೊಳ್ಳುವ ಜನ.

ಸುಮಾರು ಅದೇ ಕಾಲಕ್ಕೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ಡಾ. ವಿ. ಎನ್. ಮೂರ್ತಿ ಇದೇ ಹುಳುವಿನ ಬೆನ್ನು ಹತ್ತಿದ್ದರು. 1932ರಲ್ಲಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಜಿಲ್ಲೆಯ ನಾರುಹುಣ್ಣಿನ ಬಗ್ಗೆ ಅವರ ಅಧ್ಯಯನ ಅಚ್ಚಾಯಿತು. ಮುಂದೆ ಡಬ್ಲ್ಯು. ಸಿ. ಸ್ವೀಟ್ ಅವರೊಡನೆ ಸೇರಿ ಮೂರ್ತಿಯವರು ಒಂದು ಸರಳ ದಾರಿಯನ್ನು ಪರೀಕ್ಷಿಸಿದರು. ಬಾವಿಗೆ ಮೀನು ಬಿಡುವುದು. ಚಿಗಟವನ್ನು ತಿನ್ನುವ ಸಣ್ಣ ಜಾತಿಯ ಮೀನು. 1936ರ ಅವರ ಬರಹದ ವಿಷಯವೇ ಈ ಜೈವಿಕ ನಿಯಂತ್ರಣ. ಬಾವಿಯಲ್ಲಿ ಮೀನೋ ಆಮೆಯೋ ಇರಲಿ ಎಂದು ಹಳ್ಳಿಗರು ಬಿಡುತ್ತಿದ್ದುದನ್ನು ಬಲ್ಲವರಿಗೆ ಇದು ಪರಿಚಿತ ವಿಚಾರ ಎನ್ನಿಸೀತು. ಮೂರ್ತಿ ಅದನ್ನು ವಿಜ್ಞಾನದ ಲೆಕ್ಕಕ್ಕೆ ತಂದರು. 1938ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಅವರ ಬರಹಗಳಲ್ಲಿ ಒಂದು, ಚಿಗಟದೊಳಗೆ ಮರಿ ಬೆಳೆಯುವ ಬಗೆಯದು. ಸ್ವೀಟ್ ಅವರೊಡನೆ ಬರೆದ ಇನ್ನೊಂದು, ನಾಯಿಗಳಿಗೆ ಈ ಹುಳುವನ್ನು ಅಂಟಿಸಿ ನೋಡಿದ ಪ್ರಯೋಗದ್ದು. ಈ ನಾಯಿಗಳ ವಿಚಾರ ಮತ್ತೆ ಬರುತ್ತದೆ.

ಅಂದರೆ 1940ರ ಹೊತ್ತಿಗೆ ತಿಳಿಯಬೇಕಾದದ್ದೆಲ್ಲ ತಿಳಿದಿತ್ತು. ರೋಗ ಎಲ್ಲಿಂದ ಬರುತ್ತದೆ, ಯಾವ ಬಾವಿಯಲ್ಲಿ ಇರುತ್ತದೆ, ಯಾವುದರಲ್ಲಿ ಇರುವುದಿಲ್ಲ, ಎಲ್ಲವೂ. ಸೇದುವ ಬಾವಿಯಲ್ಲಿ ಅದು ಉಳಿಯುತ್ತಿರಲಿಲ್ಲ, ಏಕೆಂದರೆ ಹಗ್ಗ ಇಳಿಯುತ್ತದೆಯೇ ಹೊರತು ಕಾಲು ಇಳಿಯುವುದಿಲ್ಲ. ಪಾವಟಿಗೆಯ ಬಾವಿಯಲ್ಲಿ, ಅಂದರೆ ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟು ಕೊಡ ತುಂಬುವ ಬಾವಿಯಲ್ಲಿ ಮಾತ್ರ ಹುಳುವಿನ ಸುತ್ತು ಪೂರ್ತಿಯಾಗುತ್ತಿತ್ತು. ಬತ್ತುತ್ತಿರುವ ಕೆರೆಯ ಅಂಚಿನಲ್ಲೂ ಹಾಗೆಯೇ. ಇಷ್ಟು ಗೊತ್ತಿದ್ದೂ ದೇಶಮಟ್ಟದ ಕಾರ್ಯಕ್ರಮವೊಂದು ಹುಟ್ಟಲು ಇನ್ನೂ ನಲವತ್ತು ವರ್ಷ ಹಿಡಿಯಿತು. ಸ್ವತಂತ್ರ ಭಾರತ ಮಲೇರಿಯಾದ ಮೇಲೆ 1953ರಲ್ಲಿ, ಸಿಡುಬಿನ ಮೇಲೆ 1962ರಲ್ಲಿ ಕೈಯಿಟ್ಟಿತು. ನಾರುಹುಣ್ಣು ಕಾದಿತು. ನಲ್ಲಿ ನೀರಿನ ಪಟ್ಟಣಗಳಲ್ಲಿ ಅದು ಇರಲಿಲ್ಲ. ನೀರು ಸೋಸದ ಮನೆಯವರಿಗೇ, ಬಾವಿ ಒಂದೇ ಇದ್ದ ಊರಿನವರಿಗೇ ಬರುತ್ತಿತ್ತು. ಅದನ್ನು ಕಂಡವರು ಬರೆಯುವವರಲ್ಲ, ಬರೆಯುವವರು ಅದನ್ನು ಕಂಡವರಲ್ಲ. ಜ್ಞಾನದ ಕೊರತೆ ಎಂದು ಈ ನಲವತ್ತು ವರ್ಷಗಳನ್ನು ತೇಲಿಸಿಬಿಡಲು ಬರುವುದಿಲ್ಲ.

1980ರ ದಶಕ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಕುಡಿಯುವ ನೀರಿನ ದಶಕ. ಆ ದಶಕಕ್ಕೆ ಅಳೆಯಬಹುದಾದ ಒಂದು ಗುರಿ ಬೇಕಿತ್ತು. ಕೆಟ್ಟ ನೀರಿನಿಂದ ಬರುವ ಬೇರೆ ರೋಗಗಳು ಹತ್ತು ದಾರಿಯಲ್ಲಿ ಬರುತ್ತವೆ, ನಾರುಹುಣ್ಣು ಬರುವುದು ಮುಖ್ಯವಾಗಿ ಕುಡಿಯುವ ನೀರಿನಿಂದ. ಭಾರತ 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುಮಾಡಿತು. ದಿಲ್ಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗ ಸಂಸ್ಥೆ ಅದರ ಕೇಂದ್ರ. ಮಾಡಿದ ಮೊದಲ ಕೆಲಸ ಎಣಿಕೆ. ಸಿಡುಬಿನ ಬೆನ್ನಟ್ಟಿದ ಕಾಲದಲ್ಲಿ ರೂಢಿಯಾದ ಮನೆಮನೆ ಹುಡುಕಾಟವನ್ನೇ ಇಲ್ಲಿ ತಂದರು. 1984ರಲ್ಲಿ ಸಿಕ್ಕ ಲೆಕ್ಕ: 39,792 ರೋಗಿಗಳು, 12,840 ಹಳ್ಳಿಗಳು, 89 ಜಿಲ್ಲೆಗಳು. ರಾಜ್ಯಗಳು ಏಳು: ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರಪ್ರದೇಶ, ಕರ್ನಾಟಕ, ತಮಿಳುನಾಡು. ತಮಿಳುನಾಡು ಬಹಳ ಬೇಗ ಪಟ್ಟಿಯಿಂದ ಹೊರಬಂತು. ಕರ್ನಾಟಕದ ಒಣ ಸೀಮೆ ಇನ್ನೂ ಕೆಲವು ವರ್ಷ ಉಳಿಯಿತು.

ಕೆಲಸದ ಮುಖ್ಯ ಭಾಗ ಬಾವಿಯ ಬಳಿಯೇ ನಡೆಯಿತು. ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಎಬ್ಬಿಸಿ, ಮೇಲೆ ರಾಟೆ ಕೂಡಿಸಿ ಇಳಿಯುವ ಬಾವಿಯನ್ನು ಸೇದುವ ಬಾವಿ ಮಾಡಿದರು. ಮುಚ್ಚಲಾಗದ ಕಡೆ ಟೆಮಿಫಾಸ್ ಎಂಬ ಔಷಧಿಯನ್ನು ಲೀಟರಿಗೆ ಒಂದು ಮಿಲಿಗ್ರಾಂನಷ್ಟು ಬೆರೆಸಿ ಚಿಗಟಗಳನ್ನು ಕೊಂದರು. ಮನೆಗಳಲ್ಲಿ ಬಿಂದಿಗೆಯ ಬಾಯಿಗೆ ಬಟ್ಟೆ ಮಡಚಿ ಕಟ್ಟಿ ಸೋಸುವುದನ್ನು ಕಲಿಸಿದರು. ಹೊಸ ಸೋಸುಬಟ್ಟೆಯನ್ನೂ ಹಂಚಿದರು. ಚಿಗಟ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾದ್ದರಿಂದ ಬಟ್ಟೆಯೇ ಸಾಕಾಯಿತು. ಬೇರೆ ಎಷ್ಟೋ ರೋಗಾಣುಗಳನ್ನು ಹೀಗೆ ತಡೆಯಲಾಗದು.

ಎಲ್ಲಕ್ಕಿಂತ ಹೆಚ್ಚು ಹೊರೆ ಹೊತ್ತದ್ದು ಕೈಪಂಪು. ಅದರ ಕತೆಯೂ ನಮ್ಮ ಪಕ್ಕದ್ದೇ. 1967ರ ಬರದ ನಂತರ ಗಟ್ಟಿ ಬಂಡೆಯನ್ನು ಕೊರೆಯುವ ಯಂತ್ರಗಳು ಬಂದವು, ಸಾವಿರಾರು ಕೊಳವೆಬಾವಿಗಳಾದವು. ಅವುಗಳ ಮೇಲೆ ಕೂಡಿಸಿದ ಬೀಡುಕಬ್ಬಿಣದ ಪಂಪುಗಳು ಮಾತ್ರ ಒಂದು ಸಂಸಾರದ ಬಳಕೆಗೆ ಮಾಡಿದಂಥವು. ಇಡೀ ಊರು ಬೆಳಗಿನಿಂದ ಸಂಜೆವರೆಗೆ ಹೊಡೆದರೆ ತಿಂಗಳುಗಳಲ್ಲೇ ಮುರಿದು ನಿಲ್ಲುತ್ತಿದ್ದವು. ಸೋಲಾಪುರದಲ್ಲಿ ಮಿಶನ್ ಕೆಲಸಗಾರರು ರೂಪಿಸಿದ ಗಟ್ಟಿಮುಟ್ಟಾದ ಉಕ್ಕಿನ ಪಂಪನ್ನು ಆಧಾರವಾಗಿಟ್ಟುಕೊಂಡು ಯುನಿಸೆಫ್ ನೆರವಿನಿಂದ 1970ರ ದಶಕದ ಕೊನೆಗೆ ‘ಇಂಡಿಯಾ ಮಾರ್ಕ್ 2’ ಸಿದ್ಧವಾಯಿತು. ಕನ್ನಡ ಮಾತಾಡುವ ಮನೆಗಳು ಸಾಕಷ್ಟಿರುವ ಆ ಊರಿನಿಂದ ಹೊರಟ ವಿನ್ಯಾಸದ ಮಗುವನ್ನು ಬಯಲುಸೀಮೆಯ ಶಾಲೆಯ ಅಂಗಳದಲ್ಲಿ, ಗುಡಿಯ ಮುಂದೆ ಯಾರೂ ಕಾಣಬಹುದು. ‘ಬೋರಿಂಗ್’ ಎಂದರೆ ಆಯಿತು.

ಜನ ಇದನ್ನೆಲ್ಲ ಸುಲಭವಾಗಿ ಒಪ್ಪಲಿಲ್ಲ. ಬೋರಿಂಗ್ ನೀರು ಸಪ್ಪೆ, ಉಪ್ಪು, ಕಬ್ಬಿಣದ ವಾಸನೆ, ಅದರಲ್ಲಿ ಬೇಳೆ ಬೇಯುವುದಿಲ್ಲ ಎಂಬ ದೂರು ಸುಳ್ಳೂ ಆಗಿರಲಿಲ್ಲ. ಬಾವಿ ಅಂದರೆ ಬರೀ ನೀರೂ ಅಲ್ಲ. ಗಂಗೆಪೂಜೆ ಆಗುವುದು ಅಲ್ಲಿ, ಹೆಣ್ಣುಮಕ್ಕಳು ನಾಲ್ಕು ಮಾತಾಡುವುದು ಅಲ್ಲಿ. ಯಾರು ಇಳಿಯಬಹುದು, ಯಾರು ದೂರ ನಿಂತು ಮೇಲಿನಿಂದ ಸುರಿಯುವ ನೀರಿಗೆ ಕಾಯಬೇಕು ಎಂದು ಊರು ತೀರ್ಮಾನಿಸುತ್ತಿದ್ದುದೂ ಅಲ್ಲೇ. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಲು ಅಂಬೇಡ್ಕರರು ಸತ್ಯಾಗ್ರಹ ಮಾಡಬೇಕಾಯಿತು. ಬಾವಿಗೆ ಇಳಿಯಲು ಬಿಡದವರಿಗೂ ಸುರಿದದ್ದು ಅದೇ ನೀರು, ಆದ್ದರಿಂದ ಅದೇ ಹುಳು. ಹೊಸ ಕೈಪಂಪು ಯಾವ ಕೇರಿಯಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಆರೋಗ್ಯ ಇಲಾಖೆ ತನ್ನ ಸುತ್ತೋಲೆಗಳಿಂದ ಬಿಡಿಸುವುದು ಸಾಧ್ಯವಿರಲಿಲ್ಲ.

ರಾಜಸ್ಥಾನದ ದಕ್ಷಿಣದಲ್ಲಿ, ಉದಯಪುರ, ಡುಂಗರ್‌ಪುರ, ಬಾಂಸ್‌ವಾಡಾಗಳ ಆದಿವಾಸಿ ಸೀಮೆಯಲ್ಲಿ ನಡೆದ ‘ಸ್ವಚ್’ ಯೋಜನೆ ಇದಕ್ಕೆ ಒಂದು ಉತ್ತರ ಕಂಡುಕೊಂಡಿತು. ಸ್ವೀಡನ್ ಮತ್ತು ಯುನಿಸೆಫ್ ಹಣದಿಂದ 1980ರ ದಶಕದ ನಡುವೆ ಶುರುವಾದ ಈ ಯೋಜನೆ ಹಳ್ಳಿಯ ಹೆಂಗಸರನ್ನೇ ಕೆಲಸಕ್ಕೆ ತೆಗೆದುಕೊಂಡಿತು. ನೀರು ತರುವವಳು ಅವಳು, ಸೋಸುವವಳು ಅವಳು. ಹುಣ್ಣಾದವರು ಯಾವ ಮನೆಯಲ್ಲಿದ್ದಾರೆ ಎಂದು ಮೊದಲು ತಿಳಿಯುವವಳೂ ಅವಳೇ. ಕೆಲವರು ಪಾನಾ ಹಿಡಿದು ಕೈಪಂಪು ರಿಪೇರಿಯನ್ನೂ ಕಲಿತರು. ತಾಲ್ಲೂಕಿನಿಂದ ಮೆಕ್ಯಾನಿಕ್ ಬರುವವರೆಗೆ ಕಾದು ಊರೆಲ್ಲ ಮತ್ತೆ ಹಳೆ ಬಾವಿಗಿಳಿಯುವುದು ಇದರಿಂದ ತಪ್ಪಿತು. ಅದೇ ಸೀಮೆಯಲ್ಲಿ, ಬೊಬ್ಬೆ ಒಡೆಯುವ ಮೊದಲೇ ಚರ್ಮದ ಕೆಳಗಿನ ಹುಳುವನ್ನು ಸಣ್ಣ ಗಾಯ ಮಾಡಿ ಇಡಿಯಾಗಿ ಹೊರತೆಗೆಯುವ ಕೌಶಲವನ್ನು ವೈದ್ಯರಿಗೆ ಕಲಿಸಲಾಯಿತು. ವಾರಗಟ್ಟಲೆಯ ನರಳಾಟ ಒಂದು ಬೈಠಕ್ಕಿನಲ್ಲಿ ಮುಗಿಯುತ್ತಿತ್ತು, ಹುಳು ನೀರನ್ನೂ ಮುಟ್ಟುತ್ತಿರಲಿಲ್ಲ.

ಅಂಕಿಗಳು ಇಳಿದವು. 1987ರಲ್ಲಿ 17,031. 1990ರಲ್ಲಿ 4,798. 1993ರಲ್ಲಿ 755. 1995ರಲ್ಲಿ 60. ಹುಡುಕುವವರಿಗೆ ಈ ಕೊನೆಯ ವರ್ಷಗಳೇ ಕಷ್ಟದವು. ಹತ್ತು ಮನೆಯಲ್ಲಿ ಒಂದು ಮನೆಗೆ ರೋಗವಿದ್ದಾಗ ಹುಡುಕುವುದಕ್ಕೆ ಅರ್ಥವಿರುತ್ತದೆ. ಸಾವಿರ ಮನೆ ಸುತ್ತಿದರೂ ಒಂದೂ ಸಿಗದಾಗ ವಹಿಯಲ್ಲಿ ಸೊನ್ನೆ ಬರೆದು ಮುಂದೆ ಹೋಗಬೇಕು, ಆ ಸೊನ್ನೆ ನಿಜದ್ದಾಗಿರಬೇಕು. ಒಬ್ಬ ರೋಗಿ ಕಣ್ತಪ್ಪಿ ಒಂದು ಬಾವಿಗೆ ಇಳಿದರೆ ಮುಂದಿನ ಬೇಸಿಗೆಗೆ ಒಂದು ಊರೇ ಮಲಗುತ್ತದೆ. ರೋಗಿಯನ್ನು ತೋರಿಸಿಕೊಟ್ಟವರಿಗೆ ಬಹುಮಾನ ಸಾರಿದರು. 1996ರಲ್ಲಿ ಒಂಬತ್ತು ಜನ ಉಳಿದರು, ಎಲ್ಲರೂ ರಾಜಸ್ಥಾನದವರು. ದೇಶದ ಕೊನೆಯ ನಾರುಹುಣ್ಣು ಆ ಜುಲೈಯಲ್ಲಿ ಜೋಧಪುರ ಜಿಲ್ಲೆಯಲ್ಲಿ ದಾಖಲಾಯಿತು. ಆಮೇಲೆ ಮೂರು ವರ್ಷ ಹುಡುಕಾಟ ನಿಲ್ಲಿಸದೆ, ಒಂದೂ ಸಿಗದೆ ಕಳೆದ ಮೇಲೆ, 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ರೋಗಮುಕ್ತವೆಂದು ಘೋಷಿಸಿತು.

ಜಗತ್ತು ಇನ್ನೂ ಪೂರ್ತಿ ಮುಕ್ತವಾಗಿಲ್ಲ. 1980ರ ದಶಕದ ನಡುವೆ ವರ್ಷಕ್ಕೆ 35 ಲಕ್ಷ ಎಂದು ಅಂದಾಜಿದ್ದ ರೋಗಿಗಳ ಸಂಖ್ಯೆ 2023ರಲ್ಲಿ 14ಕ್ಕೆ, 2024ರಲ್ಲಿ 15ಕ್ಕೆ ನಿಂತಿತು. 14ರ ನಂತರ 15. ಆಫ್ರಿಕಾದ ಚಾಡ್ ದೇಶದಲ್ಲಿ ಈಗ ಹುಳು ಹೆಚ್ಚಾಗಿ ಕಾಣುತ್ತಿರುವುದು ಮನುಷ್ಯರಲ್ಲಲ್ಲ, ನಾಯಿಗಳಲ್ಲಿ. 2012ರಿಂದೀಚೆಗೆ ನೂರಾರು ನಾಯಿಗಳ ಕಾಲಿನಿಂದ ಅದೇ ಬಿಳಿಯ ದಾರ ಹೊರಬರುತ್ತಿದೆ. ಮನುಷ್ಯನ ಬಾವಿಗೆ ಕಟ್ಟೆ ಕಟ್ಟಬಹುದು, ನದಿಗಿಳಿಯುವ ನಾಯಿಗೆ ಏನು ಮಾಡುವುದು ಎಂಬುದು ನಿರ್ಮೂಲನಕಾರರ ಇಂದಿನ ತಲೆನೋವು. ನಾಯಿಗೆ ಈ ಹುಳು ಅಂಟಬಲ್ಲದು ಎಂಬುದು ಮೂರ್ತಿ ಮತ್ತು ಸ್ವೀಟರು 1930ರ ದಶಕದಲ್ಲೇ ಮೈಸೂರು ಸಂಸ್ಥಾನದಲ್ಲಿ ನಾಯಿಗಳನ್ನು ಸಾಕಿ ತೋರಿಸಿದ ಸಂಗತಿ. ಚಾಡ್‌ನ ಹಳ್ಳಿಗಳಲ್ಲಿ ಸದ್ಯ ಹುಣ್ಣಾದ ನಾಯಿಯನ್ನು ತೋರಿಸಿ, ಹುಳು ಪೂರ್ತಿ ಹೊರಬರುವವರೆಗೆ ನೀರಿಗಿಳಿಯದಂತೆ ಕಟ್ಟಿಹಾಕುವ ಮನೆಯವರಿಗೆ ಹಣ ಕೊಡುತ್ತಿದ್ದಾರೆ.