ತಗ್ಗಿಸಿದ ನೆಲದ ವ್ಯಾನು ಮತ್ತು ಮನೆಮುಂದಿನ ಏರುದಾರಿ

ಗಾಲಿಕುರ್ಚಿಗೆ ಎಷ್ಟು ಕಡಿದಾದ ಏರು ಸಲ್ಲುತ್ತದೆ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ರಾಷ್ಟ್ರಮಟ್ಟದ ಮೊದಲ ಅಧಿಕೃತ ಉತ್ತರ ದೊರೆತದ್ದು 1961ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಯೋಧರ ವ್ಯಾಸಂಗಕ್ಕಾಗಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1948ರಲ್ಲಿ ಆರಂಭವಾದ ಪುನರ್ವಸತಿ ಕಾರ್ಯಕ್ರಮವನ್ನು ಕಟ್ಟಿ ಬೆಳೆಸಿದ ಟಿಮೊತಿ ನ್ಯೂಜೆಂಟ್ ಅವರ ನೇತೃತ್ವದ ಸಂಶೋಧನೆಯ ಆಧಾರದ ಮೇಲೆ ಆ ವರ್ಷ ಎ117.1 ಎಂಬ ಮಾನದಂಡ ಪ್ರಕಟವಾಯಿತು. 12 ಅಡಿ ಉದ್ದಕ್ಕೆ 1 ಅಡಿಗಿಂತ ಹೆಚ್ಚಿನ ಏರು ಇರಬಾರದೆಂಬ ಅದರ ನಿಯಮವೇ ಮುಂದೆ 1990ರ ಅಮೆರಿಕದ ಅಂಗವಿಕಲರ ಕಾಯ್ದೆಯಡಿ ರೂಪುಗೊಂಡ ಮಾನದಂಡಗಳಲ್ಲಿ ಉಳಿದುಕೊಂಡಿತು. ಭಾರತದ ಮಾರ್ಗಸೂಚಿಗಳಲ್ಲಿಯೂ ಇದೇ 1:12ರ ಅನುಪಾತವಿದೆ.

ಕುರ್ಚಿಯಲ್ಲಿ ಕುಳಿತವರು ಏರಬೇಕಾದದ್ದು ಕಟ್ಟಡವನ್ನಷ್ಟೇ ಅಲ್ಲ, ವಾಹನವನ್ನೂ. ಇಂಡಿಯಾನಾ ರಾಜ್ಯದ ವಿನಮ್ಯಾಕ್ ಎಂಬ ಸಣ್ಣ ಊರಿನ, ಸ್ನಾಯುಕ್ಷಯದಿಂದ ನಡೆಯಲಾಗದಿದ್ದ ರಾಲ್ಫ್ ಬ್ರಾನ್ ಅವರು 1970ರ ಸುಮಾರಿಗೆ ದೊಡ್ಡ ಡಾಡ್ಜ್ ವ್ಯಾನಿಗೆ ಕುರ್ಚಿಸಮೇತ ಮೇಲೆತ್ತುವ ಲಿಫ್ಟ್ ಅಳವಡಿಸಿ, 1972ರಲ್ಲಿ ಅದನ್ನೇ ಪೂರ್ಣಾವಧಿಯ ಉದ್ಯಮವಾಗಿಸಿದರು. ಲಿಫ್ಟಿನ ವ್ಯಾನುಗಳ ತಳ ನೆಲದಿಂದ ಸಾಕಷ್ಟು ಎತ್ತರದಲ್ಲಿದ್ದುದರಿಂದ ಅವುಗಳಿಗೆ ಮನೆಯ ಏರುದಾರಿ ದೊಡ್ಡ ತೊಡಕಾಗಲಿಲ್ಲ. ತೊಡಕು ಹುಟ್ಟಿದ್ದು ಮಿನಿವ್ಯಾನಿನೊಂದಿಗೆ. ಅದರ ಬಾಗಿಲು ಗಿಡ್ಡವಾದ್ದರಿಂದ, ಕುಳಿತವರ ತಲೆಗೆ ಜಾಗ ಸಿಗಲೆಂದೂ ಒಳಗೇರುವ ಹಲಗೆಯ ಇಳಿಜಾರು ಸೌಮ್ಯವಾಗಲೆಂದೂ ಮೂಲ ನೆಲವನ್ನು ಕತ್ತರಿಸಿ ತೆಗೆದು, ಸುಮಾರು 10ರಿಂದ 14 ಇಂಚು ಕೆಳಗೆ ಹೊಸ ಉಕ್ಕಿನ ನೆಲವನ್ನು ಬೆಸುಗೆ ಹಾಕುವ ಪದ್ಧತಿ ಬಂದಿತು. ಬ್ರಾನ್ ಸಂಸ್ಥೆಯ ಇಂಥ ಎಂಟರ್‌ವ್ಯಾನ್ 1991ರಲ್ಲಿ ಮಾರುಕಟ್ಟೆಗೆ ಬಂದಿತು. ಕುರ್ಚಿಯವರನ್ನು ಲಿಫ್ಟಿನ ಕಾಯುವಿಕೆಯಿಂದ ಬಿಡಿಸಿದ ಈ ಸುಧಾರಣೆ ನಿಜಕ್ಕೂ ದೊಡ್ಡದು. ಆದರೆ ವಾಹನದೊಳಗೆ ಕಡಿಮೆಯಾದ ಏರಿನ ಕಷ್ಟ ಮನೆಯ ಮುಂದಿನ ದಾರಿಗೆ ವರ್ಗವಾಯಿತು.

ಬೀದಿಯಿಂದ ಗ್ಯಾರೇಜಿನವರೆಗೆ ಹೋಗುವ ಖಾಸಗಿ ದಾರಿಯನ್ನು ಅಮೆರಿಕದಲ್ಲಿ ಡ್ರೈವ್‌ವೇ ಎನ್ನುತ್ತಾರೆ. ಅದರ ಏರು ಎಷ್ಟಿದೆ ಎಂಬುದಕ್ಕಿಂತ ಆ ಏರು ಎಲ್ಲಿ, ಎಷ್ಟು ತಟ್ಟನೆ ಬದಲಾಗುತ್ತದೆ ಎಂಬುದೇ ತಳ ತಾಗುವುದನ್ನು ನಿರ್ಧರಿಸುತ್ತದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 3 ಮೀಟರ್ ಅಂತರವಿರುವ, ತಳವು ನೆಲದಿಂದ 12 ಸೆಂ.ಮೀ. ಮಾತ್ರ ಮೇಲಿರುವ ವ್ಯಾನೊಂದು ಶೇ 16ರ ಏರು ಮುಗಿದು ಒಮ್ಮೆಲೇ ಸಮತಟ್ಟಾಗುವ ಅಂಚನ್ನು ದಾಟುವಾಗ, ಆ ಅಂಚು ಗಾಲಿಗಳ ನಡುವೆ ಸರಿಯಾಗಿ 12 ಸೆಂ.ಮೀ. ಉಬ್ಬಿ ಉಕ್ಕಿನ ನೆಲವನ್ನು ಮುಟ್ಟುತ್ತದೆ. ಒಳಗೆ ಕುರ್ಚಿ, ಅದರ ಬ್ಯಾಟರಿ ಮತ್ತು ಜನರ ಭಾರ ಸೇರಿ ಸ್ಪ್ರಿಂಗ್ ಇನ್ನಷ್ಟು ಕುಸಿದಿದ್ದರೆ ವಾಹನ ಅಲ್ಲಿಯೇ ಕೂತುಬಿಡಬಹುದು. ಅದೇ ಬದಲಾವಣೆಯನ್ನು ಶೇ 8ರಂತೆ ಎರಡು ಹಂತಗಳಲ್ಲಿ ಮಾಡಿ, ನಡುವಿನ ತುಂಡಿಗೆ ಕನಿಷ್ಠ 3 ಮೀಟರ್ ಉದ್ದ ಕೊಟ್ಟರೆ ಉಬ್ಬು 6 ಸೆಂ.ಮೀ.ಗೆ ಇಳಿಯುತ್ತದೆ. ಅರ್ಧ ಇಳಿಜಾರಿನ ಈ ತುಂಡನ್ನು ಸಂಕ್ರಮಣ ಭಾಗ ಎನ್ನಬಹುದು. ಕಾಂಕ್ರೀಟನ್ನು ಒಡೆದು ಮೇಲಂಚನ್ನು ತಗ್ಗಿಸಿ ಹೊಸದಾಗಿ ಹಾಕುವ ಕೆಲಸದ ತಿರುಳೆಲ್ಲ ಇಷ್ಟೇ.

ಕೆಳತುದಿಯ ಕಷ್ಟ ಬೇರೆ ಬಗೆಯದು. ನೀರು ಹರಿಯಲೆಂದು ಬೀದಿಯ ಅಂಚು ಚರಂಡಿಯತ್ತ ವಾಲಿರುವುದರಿಂದ ಎರಡು ಎದುರುಬದುರು ಇಳಿಜಾರುಗಳು ಕೂಡುವ ಆ ತಗ್ಗಿನಲ್ಲಿ ವ್ಯಾನಿನ ಮೂತಿ ಅಥವಾ ಹಿಂಭಾಗ ಉಜ್ಜುತ್ತದೆ. ತಗ್ಗನ್ನು ಹಲಗೆಯಿಂದಲೋ ಸಿಮೆಂಟಿನಿಂದಲೋ ತುಂಬಿದರೆ ಮಳೆನೀರು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅಲ್ಲಿಯೂ ಸಂಕ್ರಮಣ ಭಾಗವನ್ನು ಮನೆಯ ಗಡಿಯೊಳಗೆ ಉದ್ದವಾಗಿಸುವುದೇ ಸರಿಯಾದ ದಾರಿ. ಇದಕ್ಕಿಂತ ಹೆಚ್ಚು ಮರೆತುಹೋಗುವ ಸಂಗತಿಯೆಂದರೆ ಕುರ್ಚಿ ಇಳಿಯುವ ಜಾಗ. ಸಾರ್ವಜನಿಕ ನಿಲುಗಡೆಯಲ್ಲಿ ವ್ಯಾನಿನ ಪಕ್ಕದ ಓಡಾಟದ ಪಟ್ಟಿ ಕನಿಷ್ಠ 5 ಅಡಿ ಅಗಲವಾಗಿ, 1:48ಕ್ಕಿಂತ ಕಡಿದಾಗದಂತೆ ಇರಬೇಕೆಂದು 1990ರ ಕಾಯ್ದೆಯಡಿಯ 2010ರ ಮಾನದಂಡ ಹೇಳುತ್ತದೆ. ಮನೆಯಲ್ಲಿ ಇಂಥ ಸಮತಟ್ಟಿಲ್ಲದೆ ವ್ಯಾನು ಹಲಗೆಯ ಪಕ್ಕಕ್ಕೆ ವಾಲಿ ನಿಂತರೆ ಹಲಗೆಯ ಇಳಿಜಾರು ಅಷ್ಟರಮಟ್ಟಿಗೆ ಹೆಚ್ಚುತ್ತದೆ, ಒಬ್ಬರೇ ಇಳಿಯುವವರ ಕುರ್ಚಿ ಹಿಡಿತ ತಪ್ಪುವ ಅಪಾಯವಿರುತ್ತದೆ.

ಕಾನೂನು ಈ ದಾರಿಯ ಬಾಯಿಗೆ ಬಂದು ನಿಂತುಬಿಟ್ಟಿದೆ. 1990ರ ಕಾಯ್ದೆ ಖಾಸಗಿ ವಾಸದ ಮನೆಗಳಿಗೆ ಅನ್ವಯಿಸುವುದಿಲ್ಲ; ವಸತಿ ಕಾಯ್ದೆಯ 1988ರ ತಿದ್ದುಪಡಿಯ ವಿನ್ಯಾಸ ನಿಯಮಗಳು ನಾಲ್ಕು ಅಥವಾ ಹೆಚ್ಚು ಮನೆಗಳಿರುವ ಹೊಸ ಕಟ್ಟಡಗಳಿಗೆ ಸೀಮಿತ. ಯುದ್ಧದಲ್ಲಿ ತೀವ್ರವಾಗಿ ಅಂಗವಿಕಲರಾದ ಯೋಧರಿಗೆ ಮನೆಯನ್ನು ಅನುಕೂಲಕ್ಕೆ ತಕ್ಕಂತೆ ಮಾಡಿಕೊಳ್ಳಲು 1948ರಿಂದಲೇ ಸರ್ಕಾರಿ ಅನುದಾನವಿದೆಯಾದರೂ, ಉಳಿದ ಬಹುಪಾಲು ಕುಟುಂಬಗಳು ಕಾಂಕ್ರೀಟ್ ಒಡೆಸುವ ಖರ್ಚನ್ನು ತಾವೇ ಭರಿಸಬೇಕಾಗಿದೆ. ಬೀದಿ, ಬಸ್ಸು ಮತ್ತು ಕಚೇರಿಗಳ ಇಳಿಜಾರನ್ನು ಅಳೆದು ಗೊತ್ತುಮಾಡಿದ ಸಮಾಜವು ಮನೆಯ ಬಾಗಿಲಿನ ಕೊನೆಯ ಕೆಲವು ಮೀಟರುಗಳನ್ನು ಅಳೆಯದೆ ಬಿಟ್ಟಿರುವುದು ಅನ್ಯಾಯವೆಂದೇ ಹೇಳಬೇಕು.