ಬಂದ್: ಮಾತು ಒಂದು, ಅರ್ಥ ಹಲವು

ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ಅಂಗಡಿ ಮುಚ್ಚಿದರೂ ‘ಬಂದ್’, ಕಾರ್ಖಾನೆ ನಿಂತರೂ ‘ಬಂದ್’. ಇದು ಫಾರಸಿ ಮೂಲದ ಪದ. ಕಟ್ಟಿದ್ದು, ಮುಚ್ಚಿದ್ದು ಎಂದರ್ಥ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಇಂಥ ಪದಗಳು ಮನೆಮಾತಾಗಿವೆ. ಆದರೆ ಕಾರ್ಖಾನೆಯ ಗೇಟಿಗೆ ಅಂಟಿಸುವ ನೋಟಿಸಿಗೆ ಈ ಒಂದು ಮಾತು ಸಾಲದು. ಅಲ್ಲಿ ಯಾವ ಇಂಗ್ಲಿಷ್ ಪದವಿದೆ ಎಂಬುದರ ಮೇಲೆ ಕಾರ್ಮಿಕನ ಕೂಲಿ ನಿರ್ಧಾರವಾಗುತ್ತದೆ.

1947ರ ಕೈಗಾರಿಕಾ ವಿವಾದ ಕಾಯ್ದೆ ಮತ್ತು ಅದರ ತಿದ್ದುಪಡಿಗಳು ಇವುಗಳನ್ನು ಬೇರೆಬೇರೆಯಾಗಿ ಗುರುತಿಸಿದವು. ಕಚ್ಚಾ ಮಾಲು, ಕಲ್ಲಿದ್ದಲು, ವಿದ್ಯುತ್ ಇಲ್ಲದೆ ಕೆಲಸ ಕೊಡಲಾಗದಿದ್ದರೆ ಅದು ‘ಲೇ ಆಫ್’. ವರ್ಷದ ಸೇವೆ ಪೂರೈಸಿದವನಿಗೆ ಮೂಲ ವೇತನ ಹಾಗೂ ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ. ಮಾಲೀಕನೇ ತಾತ್ಕಾಲಿಕವಾಗಿ ಬಾಗಿಲು ಹಾಕಿದರೆ ‘ಲಾಕೌಟ್’; ಪತ್ರಿಕೆಗಳು ಇದನ್ನು ಬೀಗಮುದ್ರೆ ಎಂದು ಕರೆದವು. ಶಾಶ್ವತವಾಗಿ ಮುಚ್ಚಿದರೆ ‘ಕ್ಲೋಷರ್’. ಆಗ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಸಲ್ಲಬೇಕು.

ಭೀಮಾ ತೀರದ ಕಬ್ಬಿನ ಸೀಮೆಗೆ ಇನ್ನೊಂದು ತೊಡಕುಂಟು. ಸಕ್ಕರೆ ಕಾರ್ಖಾನೆ ಕಬ್ಬು ಮುಗಿದೊಡನೆ ಪ್ರತಿ ವರ್ಷವೂ ನಿಲ್ಲುತ್ತದೆ. ಅದು ಮುಚ್ಚುವುದಲ್ಲ, ಹಂಗಾಮು ಮುಗಿಯುವುದು. ಹಂಗಾಮಿ ಉದ್ದಿಮೆ ಎನಿಸಿಕೊಂಡ ಕಡೆ ಆ ಕಾಯ್ದೆಯ ಲೇ ಆಫ್ ಪರಿಹಾರ ಅನ್ವಯಿಸುತ್ತಿರಲಿಲ್ಲ. ಆಳಂದ ತಾಲ್ಲೂಕಿನ ಭೂಸನೂರಿನ ಸಹಕಾರಿ ಕಾರ್ಖಾನೆ ಮುಂದೆ ಗುತ್ತಿಗೆಯ ಮೇಲೆ ಖಾಸಗಿ ಕಂಪೆನಿಯ ಕೈಗೆ ಹೋಯಿತು. ಗುತ್ತಿಗೆ ಎಂದರೆ ಸಂಘ ಮುಗಿಯಿತೆಂದಲ್ಲ. ಸಹಕಾರ ಸಂಘವನ್ನೇ ಮುಗಿಸಬೇಕಾದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ‘ವೈಂಡಿಂಗ್ ಅಪ್’, ಅಂದರೆ ಸಮಾಪನೆ ಆಗಬೇಕು. ಸಮಾಪನಾಧಿಕಾರಿ ಆಸ್ತಿ ಮಾರಿ ಸಾಲ ತೀರಿಸುವ ಕೆಲಸವೇ ‘ಲಿಕ್ವಿಡೇಷನ್’.

ಈ ಎಲ್ಲ ಪದಗಳನ್ನು ತಪ್ಪಿಸುವ ಇನ್ನೊಂದು ಪದವೂ ಬಂತು: ‘ಸಿಕ್’, ಅಂದರೆ ರೋಗಗ್ರಸ್ತ. ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಹೆಸರು ಹೊತ್ತ ಕಲಬುರಗಿಯ ಮೆಹಬೂಬ್ ಶಾಹಿ ಬಟ್ಟೆ ಗಿರಣಿ, 1974ರಲ್ಲಿ ರೋಗಗ್ರಸ್ತ ಗಿರಣಿಗಳ ರಾಷ್ಟ್ರೀಕರಣವಾದಾಗ ಸರ್ಕಾರದ ಪಾಲಾಯಿತು. ಬಾಗಿಲು ಮುಚ್ಚುವ ಬದಲು ಒಡೆತನ ಬದಲಾಯಿತು. ಆದರೆ ಮುಂದೊಂದು ದಿನ ಮಗ್ಗಗಳು ನಿಂತವು. ಇಂದು ಎಂ.ಎಸ್.ಕೆ. ಮಿಲ್ ಎಂಬುದು ಊರಿನ ಒಂದು ಬಡಾವಣೆಯ ಹೆಸರು.

ಪದ ಒಂದೇ ಇದ್ದರೂ ಅದರ ಹಿಂದಿನ ಲೆಕ್ಕ ಬದಲಾಗುವುದುಂಟು. 1982ರ ತಿದ್ದುಪಡಿಯಂತೆ 100 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲು 90 ದಿನ ಮೊದಲೇ ಸರ್ಕಾರದ ಅನುಮತಿ ಕೇಳಬೇಕಿತ್ತು. 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಸಂಖ್ಯೆಯನ್ನು 300ಕ್ಕೆ ಏರಿಸಿತು. ನೂರಿನ್ನೂರು ಜನರ ಕಾರ್ಖಾನೆಗೆ ಈ ಅನುಮತಿಯ ಕಟ್ಟು ಸಡಿಲವಾಯಿತು. ಹೀಗಾಗಿ ‘ಬಂದ್ ಆತು’ ಎಂಬ ಸುದ್ದಿ ಕೇಳಿದ ಕಾರ್ಮಿಕ ಮೊದಲು ವಿಚಾರಿಸಬೇಕಾದದ್ದು, ಕಾಗದದಲ್ಲಿ ಯಾವ ಪದ ಬರೆದಿದ್ದಾರೆ ಎಂಬುದನ್ನು.