ತೆರೆಯ ಮೇಲೆ ಮುಗಿದ ಕಥೆ, ಸೆರೆಯಲ್ಲಿ ಮುಂದುವರಿದ ಸೇವೆ

1943ರಲ್ಲಿ ಹಾಲಿವುಡ್‌ನ ಎಂ.ಜಿ.ಎಂ. ಸಂಸ್ಥೆ ತಯಾರಿಸಿದ 'ಕ್ರೈ ಹ್ಯಾವಕ್' ಚಿತ್ರದಲ್ಲಿ ಮುಖ್ಯ ಪಾತ್ರಗಳೆಲ್ಲ ಹೆಂಗಸರವೇ. ಯುದ್ಧದ ಚಿತ್ರಗಳಲ್ಲಿ ಇದು ಅಪರೂಪ. ಫಿಲಿಪೈನ್ಸ್‌ನ ಬಟಾನ್ ಕಾಡಿನ ಆಸ್ಪತ್ರೆಗೆ ಸ್ವಯಂಸೇವಕಿಯರಾಗಿ ಬರುವ ಕೆಲವರು, ಮಲೇರಿಯವನ್ನು ಮುಚ್ಚಿಟ್ಟುಕೊಂಡು ಅವರನ್ನು ಮುನ್ನಡೆಸುವ ಲೆಫ್ಟಿನೆಂಟ್ (ಮಾರ್ಗರೆಟ್ ಸುಲ್ಲವನ್) — ಇವರ ಸುತ್ತ ಕಥೆ ಸಾಗುತ್ತದೆ. ಕೊನೆಗೆ ಅವರು ಕೈಯೆತ್ತಿ ಜಪಾನೀಯರಿಗೆ ಶರಣಾಗುತ್ತಾರೆ.

ಇತಿಹಾಸ ನಡೆದದ್ದು ಬೇರೆ ರೀತಿ. 1941ರ ಡಿಸೆಂಬರ್‌ನಲ್ಲಿ ಜಪಾನ್ ದಾಳಿ ಮಾಡಿದಾಗ ಅಮೆರಿಕ ಮತ್ತು ಫಿಲಿಪೈನ್ಸ್ ಪಡೆಗಳು ಬಟಾನ್ ಪರ್ಯಾಯದ್ವೀಪಕ್ಕೆ ಹಿಂಜರಿದವು. ಅಲ್ಲಿನ ಎರಡನೆಯ ಆಸ್ಪತ್ರೆಯ ವಾರ್ಡುಗಳಿಗೆ ಗೋಡೆಯಿರಲಿಲ್ಲ, ಸೂರೂ ಇರಲಿಲ್ಲ. ಮರಗಳ ಕೆಳಗೆ ಸಾಲು ಮಂಚಗಳು. ಗುಂಡೇಟಿನವರ ಜೊತೆಗೆ ಮಲೇರಿಯ, ಆಮಶಂಕೆಯ ರೋಗಿಗಳು ತುಂಬಿದರು. ಕ್ವಿನೈನ್ ಸಾಲದಾಯಿತು. ಅರ್ಧ ಪಡಿತರದಲ್ಲಿದ್ದ ದಾದಿಯರೂ ಜ್ವರದಲ್ಲೇ ದುಡಿದರು.

1942ರ ಏಪ್ರಿಲ್ 9ರಂದು ಬಟಾನ್ ಶರಣಾಯಿತು. ಆದರೆ ಹಿಂದಿನ ರಾತ್ರಿಯೇ ದಾದಿಯರಿಗೆ ಕೊರೆಗಿಡಾರ್ ದ್ವೀಪಕ್ಕೆ ತೆರಳುವ ಆಜ್ಞೆ ಬಂದಿತ್ತು. ಫಿಲಿಪಿನೋ ದಾದಿಯರನ್ನೂ ಕರೆದೊಯ್ಯದಿದ್ದರೆ ತಾನು ಹೊರಡುವುದಿಲ್ಲವೆಂದು ಹಿರಿಯ ದಾದಿ ಜೋಸಿ ನೆಸ್ಬಿಟ್ ಪಟ್ಟು ಹಿಡಿದರು. ಅವರೂ ಜೊತೆಯಲ್ಲೇ ಹೋದರು. ರೋಗಿಗಳನ್ನು ಮಂಚದ ಮೇಲೆಯೇ ಬಿಟ್ಟುಬಂದ ನೋವು ಹಲವರನ್ನು ಕೊನೆಯವರೆಗೂ ಕಾಡಿತು.

ಮೇ 6ರಂದು ಕೊರೆಗಿಡಾರ್ ಕೂಡ ಬಿದ್ದಿತು. ಫಿಲಿಪೈನ್ಸ್‌ನಲ್ಲಿ ಒಟ್ಟು 77 ಮಂದಿ ಅಮೆರಿಕನ್ ದಾದಿಯರು ಸೆರೆಯಾದರು: ಭೂಸೇನೆಯ 66, ನೌಕಾದಳದ 11. ಹೆಚ್ಚಿನವರನ್ನು ಇರಿಸಿದ್ದು ಮನಿಲಾದ ಸ್ಯಾಂಟೊ ತೋಮಾಸ್ ವಿಶ್ವವಿದ್ಯಾಲಯದ ಆವರಣದಲ್ಲಿ. ಅಲ್ಲಿಯೂ ಮುಖ್ಯ ದಾದಿ ಮಾಡ್ ಡೇವಿಸನ್ ಸಮವಸ್ತ್ರದ ಶಿಸ್ತು ಬಿಡಲಿಲ್ಲ. ಸರದಿಯ ಮೇಲೆ ಶಿಬಿರದ ಆಸ್ಪತ್ರೆಯ ಕೆಲಸ ನಡೆಯಿತು. 1944ರ ಕೊನೆಗೆ ದಿನದ ಆಹಾರ ಸಾವಿರ ಕ್ಯಾಲರಿಗಿಂತ ಕೆಳಗಿಳಿದರೂ ಸರದಿ ತಪ್ಪಲಿಲ್ಲ. ಮಾಡಲು ಕೆಲಸವೂ ಒಬ್ಬರಿಗೊಬ್ಬರ ಆಸರೆಯೂ ಇದ್ದುದೇ ಅವರನ್ನು ಕಾಪಾಡಿರಬೇಕು. 1945ರ ಫೆಬ್ರವರಿಯಲ್ಲಿ ಬಿಡುಗಡೆಯಾದಾಗ ಆ 77 ಮಂದಿಯೂ ಬದುಕಿದ್ದರು.

ಪ್ರೇಕ್ಷಕರು ಚಿತ್ರಮಂದಿರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಕಾಲಕ್ಕೆ ಈ ದಾದಿಯರು ಇನ್ನೂ ಸೆರೆಯಲ್ಲಿದ್ದರು. ಯುದ್ಧಕಾಲದ ಚಿತ್ರಕ್ಕೆ ಬೇಕಾದದ್ದು ಜನರ ಮನ ಕಲಕುವ ಒಂದು ಶರಣಾಗತಿ. ಅದರ ನಂತರದ ಸುಮಾರು ಮೂರು ವರ್ಷಗಳ ದಿನಗೆಲಸಕ್ಕೆ ಅಲ್ಲಿ ಜಾಗವಿರಲಿಲ್ಲ. ಸರ್ಕಾರದ ಮನ್ನಣೆಯೂ ನಿಧಾನವಾಗಿಯೇ ಬಂತು. ಡೇವಿಸನ್ ಅವರಿಗೆ ಸೇನೆಯ ವಿಶಿಷ್ಟ ಸೇವಾ ಪದಕ ದೊರೆತದ್ದು 2001ರಲ್ಲಿ, ಅವರು ತೀರಿಕೊಂಡ 45 ವರ್ಷಗಳ ಮೇಲೆ.